ಜೈಂಟ್ಸ್ ಅರ್ಧ ಸೀಸನ್: 52-45, ಮುಂದೇನು?

ನಮಸ್ಕಾರ ಸರ್. ನೀವು ಕೇಳಿದ್ದು ಎರಡು ವಿಷಯ. ನಮ್ಮ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಈ ಸಲ ಪ್ಲೇಆಫ್‌ಗೆ ಹೋಗುತ್ತಾ? ಆಗಸ್ಟ್‌ನಲ್ಲಿ ಊರಿಂದ ಬರುವ ಅಪ್ಪ ಅಮ್ಮನನ್ನು ಒಂದು ಮ್ಯಾಚ್‌ಗೆ ಕರೆದುಕೊಂಡು ಹೋಗಬಹುದಾ? ಅಪ್ಪನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ ಎಂದೂ ಬರೆದಿದ್ದಿರಿ. ಎರಡನೆಯದಕ್ಕೆ ಒಂದೇ ಮಾತು: ಖಂಡಿತ ಕರೆದುಕೊಂಡು ಹೋಗಿ. ಯಾವಾಗ, ಹೇಗೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಆಯ್ದ ಆಟಗಾರರ ಆಲ್ ಸ್ಟಾರ್ ಮ್ಯಾಚ್‌ಗೆಂದು ಕೊಡುವ ಬಿಡುವು ನಡೆಯುತ್ತಿದೆ, ಶುಕ್ರವಾರದವರೆಗೆ ಮ್ಯಾಚ್ ಇಲ್ಲ, ಹಾಗಾಗಿ ನನಗೂ ಪುರುಸೊತ್ತಿದೆ.

ಇವತ್ತು 2025ರ ಜುಲೈ 16. 97 ಮ್ಯಾಚ್ ಆಗಿವೆ. 52 ಗೆದ್ದಿದ್ದೇವೆ, 45 ಸೋತಿದ್ದೇವೆ. ನಮ್ಮ ವಿಭಾಗದಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ 58-39, ಅಂದರೆ 6 ಮ್ಯಾಚ್ ಮುಂದೆ. ಸ್ಯಾನ್ ಡಿಯೇಗೊದ ಪ್ಯಾಡ್ರೆಸ್ 52-44, ಒಂದು ಸೋಲು ಕಡಿಮೆ ಇರುವುದರಿಂದ ನಮಗಿಂತ ಅರ್ಧ ಮ್ಯಾಚ್ ಮುಂದೆ. ಇರುವ ಎರಡು ಲೀಗ್‌ಗಳಲ್ಲಿ ಒಂದೊಂದರಿಂದ ಆರು ತಂಡ ಪ್ಲೇಆಫ್‌ಗೆ ಹೋಗುತ್ತವೆ. ಮೂರು ವಿಭಾಗ ಗೆದ್ದವರು, ಉಳಿದವರಲ್ಲಿ ಚೆನ್ನಾಗಿ ಆಡಿದ ಮೂವರು. ಆ ಕೊನೆಯ ಮೂರು ಜಾಗಕ್ಕೇ ವೈಲ್ಡ್ ಕಾರ್ಡ್ ಅನ್ನುವುದು. ಅದರಲ್ಲಿ ಮೂರನೆಯದು ಸದ್ಯ ಪ್ಯಾಡ್ರೆಸ್ ಕೈಯಲ್ಲಿದೆ. ನಮ್ಮ ಕಣ್ಣು ಇರಬೇಕಾದದ್ದು ಅದರ ಮೇಲೆ. ಡಾಡ್ಜರ್ಸ್ ಹಿಡಿಯುತ್ತೇವೆ ಎಂದು ನಾನು ಹೇಳುವುದಿಲ್ಲ.

ಎಷ್ಟು ಗೆದ್ದರೆ ಸಾಕು? ಹಿಂದಿನ ಮೂರು ವರ್ಷ ನೋಡಿ. 2022ರಲ್ಲಿ ಫಿಲಡೆಲ್ಫಿಯಾ 87 ಗೆದ್ದು ಆ ಕೊನೆಯ ಜಾಗದಲ್ಲಿ ಒಳಗೆ ಬಂತು. 2023ರಲ್ಲಿ ಅರಿಜೋನಾಗೆ 84 ಸಾಕಾಯಿತು. ಕೊನೆಯ ಬಾಗಿಲಿಂದ ಬಂದ ಆ ಎರಡೂ ತಂಡ ವರ್ಲ್ಡ್ ಸೀರೀಸ್, ಅಂದರೆ ಫೈನಲ್‌ವರೆಗೆ ಹೋದವು, ಅದನ್ನು ಮರೆಯಬೇಡಿ. 2024ರಲ್ಲಿ ಮಾತ್ರ 89 ಬೇಕಾಯಿತು, ಅದೇ 89 ಗೆದ್ದ ಅರಿಜೋನಾ ಹೊರಗೆ ಉಳಿಯಿತು. ಈಗ ಸಮ ಆದರೆ ಇನ್ನೊಂದು ಮ್ಯಾಚ್ ಆಡಿಸುವುದಿಲ್ಲ, ಆ ತಂಡಗಳ ನಡುವಿನ ಮ್ಯಾಚ್‌ಗಳಲ್ಲಿ ಯಾರು ಜಾಸ್ತಿ ಗೆದ್ದಿದ್ದಾರೆ ಅಂತ ನೋಡುತ್ತಾರೆ. ನಾನು 87 ಎಂದು ಇಟ್ಟುಕೊಂಡಿದ್ದೇನೆ. ಉಳಿದಿರುವುದು 65 ಮ್ಯಾಚ್. ಅದರಲ್ಲಿ 35 ಗೆದ್ದು 30 ಸೋತರೂ 87 ಆಗುತ್ತದೆ. ಇದು ದೊಡ್ಡ ಬೆಟ್ಟವೇನಲ್ಲ. ಇಲ್ಲಿಯವರೆಗೆ ಆಡಿದ ಹಾಗೇ ಆಡಿದರೆ ಸಾಕು.

ಆದರೆ ಆಡಿದ್ದು ಒಂದೇ ಹದದಲ್ಲಿ ಅಲ್ಲ, ಅದೇ ಚಿಂತೆ. ಮೊದಲ 9 ಮ್ಯಾಚ್‌ನಲ್ಲಿ 8 ಗೆದ್ದೆವು. ಆಮೇಲೆ ಮೇ ತಿಂಗಳ ಕೊನೆಗೆ ಬ್ಯಾಟಿಂಗ್ ಪೂರ್ತಿ ಒಣಗಿತು. ದಿನಗಟ್ಟಲೆ ಒಂದು ಮ್ಯಾಚ್‌ನಲ್ಲೂ 4 ರನ್ ದಾಟಲಿಲ್ಲ. ಅಷ್ಟಾದರೂ ಪೂರ್ತಿ ಮುಳುಗಲಿಲ್ಲ, ಏಕೆಂದರೆ ಎದುರಾಳಿಗೂ ರನ್ ಕೊಡಲಿಲ್ಲ. ಈ ತಂಡದ ಕಥೆ ಇಷ್ಟೇ. ಪಿಚಿಂಗ್, ಅಂದರೆ ಕ್ರಿಕೆಟ್‌ನ ಬೌಲಿಂಗ್ ಇದ್ದ ಹಾಗೆ, ಹೊಟ್ಟೆ ತುಂಬ ಇದೆ, ರನ್‌ಗೆ ಬರ.

ನಮ್ಮ ಮೊದಲ ಪಿಚರ್ ಲೋಗನ್ ವೆಬ್ ಬಗ್ಗೆ ನನಗೆ ಎಷ್ಟು ಬರೆದರೂ ಸಾಲದು. ಹದಿನೇಳರ ವಯಸ್ಸಿನಲ್ಲೇ ಈ ತಂಡಕ್ಕೆ ಬಂದ ಹುಡುಗ. ಸ್ಯಾಕ್ರಮೆಂಟೊ ಪಕ್ಕದ ರಾಕ್ಲಿನ್ ಊರಿನವನು. 2023, 2024 ಎರಡೂ ವರ್ಷ ನಾವು ಆಡುವ ನ್ಯಾಷನಲ್ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಇನಿಂಗ್ಸ್ ಹಾಕಿದವನು ಅವನೇ. ತುಂಬಾ ಜೋರಾಗಿ ಎಸೆಯುವುದಿಲ್ಲ. ಚೆಂಡು ಬ್ಯಾಟರ್ ನಿಲ್ಲುವ ಪ್ಲೇಟ್ ಹತ್ತಿರ ಬರುವಾಗ ಕೆಳಗೆ ಇಳಿಯುತ್ತದೆ, ಬ್ಯಾಟರ್ ಅದರ ತಲೆಗೆ ಹೊಡೆಯುತ್ತಾನೆ, ಚೆಂಡು ನೆಲಕ್ಕೆ ಉರುಳಿ ಇನ್‌ಫೀಲ್ಡರ್ ಕೈಗೆ ಹೋಗುತ್ತದೆ. ಅವನ ಜೊತೆ ರಾಬಿ ರೇ. 2023ರಲ್ಲಿ ಮೊಣಕೈ ಆಪರೇಷನ್ ಆಗಿದ್ದವನು ಈಗ ಮತ್ತೆ ಹಳೆಯ ಲಯಕ್ಕೆ ಬಂದಿದ್ದಾನೆ. ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ ಇಬ್ಬರದೂ 3ಕ್ಕಿಂತ ಕೆಳಗಿದೆ. ಇಬ್ಬರೂ ಆಲ್ ಸ್ಟಾರ್. ಬುಲ್‌ಪೆನ್‌ನಿಂದ, ಅಂದರೆ ಮಧ್ಯದಲ್ಲಿ ಬದಲಿಯಾಗಿ ಬಂದು ಎಸೆಯುವವರ ಗುಂಪಿನಿಂದ, ರ‍್ಯಾಂಡಿ ರೊಡ್ರಿಗೆಸ್ ಕೂಡ ಆಲ್ ಸ್ಟಾರ್ ಆದ, ಅವನನ್ನು ಹೊಡೆಯುವುದು ಸುಲಭವಲ್ಲ.

ಮೂರನೇ ಪಿಚರ್‌ನಿಂದ ಮುಂದೆ ಸ್ವಲ್ಪ ಅನುಮಾನ. ಜಸ್ಟಿನ್ ವರ್ಲ್ಯಾಂಡರ್‌ಗೆ 42 ವರ್ಷ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮೂರು ಸಲ ಪಡೆದ ದೊಡ್ಡ ಮನುಷ್ಯರು. ಈ ವರ್ಷ ಇನ್ನೂ ಅವರ ಹೆಸರಿಗೆ ಒಂದು ಗೆಲುವೂ ಬಂದಿಲ್ಲ. ಅದನ್ನು ನೋಡಿ ಎಲ್ಲರೂ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಎಷ್ಟೋ ಮ್ಯಾಚ್‌ನಲ್ಲಿ ಅವರು ಚೆನ್ನಾಗಿ ಎಸೆದರೂ ನಮ್ಮವರು ರನ್ನೇ ಹೊಡೆಯಲಿಲ್ಲ. ಲ್ಯಾಂಡನ್ ರೂಪ್ ಭರವಸೆ ಕೊಡುತ್ತಾನೆ. ಹೇಡನ್ ಬರ್ಡ್‌ಸಾಂಗ್ ಕೈಯಲ್ಲಿ ಶಕ್ತಿ ಇದೆ, ಹತೋಟಿ ಇನ್ನೂ ಬರಬೇಕು.

ಈಗ ಬ್ಯಾಟಿಂಗ್. ಜೂನ್ 15ರಂದು ರಫಾಯೆಲ್ ಡೆವರ್ಸ್‌ನನ್ನು ಬಾಸ್ಟನ್‌ನಿಂದ ತಂದಾಗ ನಾನು ಫೋನ್ ಎರಡು ಸಲ ನೋಡಿದೆ, ನಂಬಿಕೆ ಬರಲಿಲ್ಲ. ಬಸ್ಟರ್ ಪೋಸಿ ತಂಡದ ಉಸ್ತುವಾರಿ ವಹಿಸಿಕೊಂಡು ಇನ್ನೂ ಒಂದು ವರ್ಷ ಆಗಿಲ್ಲ. 2010, 2012, 2014ರಲ್ಲಿ ಕಪ್ ಗೆದ್ದಾಗ ಕ್ಯಾಚರ್, ಅಂದರೆ ಕ್ರಿಕೆಟ್‌ನ ವಿಕೆಟ್ ಕೀಪರ್ ಥರ, ಆಗಿದ್ದ ಅದೇ ಪೋಸಿ. ಇಷ್ಟು ದಿನ ದೊಡ್ಡ ಬ್ಯಾಟರ್‌ಗಳು ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. ಹಣ ಕೊಡುತ್ತೇವೆ ಎಂದರೂ ಬೇರೆ ಊರಿಗೆ ಹೋಗುತ್ತಿದ್ದರು. ಪೋಸಿ 2033ರವರೆಗಿನ ಒಪ್ಪಂದವನ್ನೇ ಹೊತ್ತುಕೊಂಡು ಒಬ್ಬನನ್ನು ತಂದರು. ಬದಲಿಗೆ ಜಾರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್ ಸೇರಿ ನಾಲ್ವರನ್ನು ಕೊಟ್ಟರು. ಹ್ಯಾರಿಸನ್ ಹೋಗಿದ್ದು ನನಗೆ ನೋವೇ, ನಮ್ಮ ಕಡೆಯ ಹುಡುಗ. ಆದರೂ ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಬಂದ ಮೇಲೆ ಡೆವರ್ಸ್ ಬ್ಯಾಟ್ ಇನ್ನೂ ಬಿಸಿಯಾಗಿಲ್ಲ, ನಿಜ. ಮೈಕೈ ನೋವೂ ಕಾಡುತ್ತಿದೆ. ಜೊತೆಗೆ ನಮ್ಮ ಮೈದಾನ ಬೇರೆ. ಆರೇಕಲ್ ಪಾರ್ಕ್‌ನಲ್ಲಿ ಬಲಗಡೆ ಗೋಡೆ 24 ಅಡಿ ಎತ್ತರ, ನಮ್ಮ ತಂಡದ ಹಳೆಯ ದಿಗ್ಗಜ ವಿಲ್ಲಿ ಮೇಸ್ ಅವರ ಅಂಗಿ ನಂಬರ್ 24 ಅಲ್ವಾ, ಅದಕ್ಕೇ. ಬಲ ಮಧ್ಯದಲ್ಲಿ 415 ಅಡಿ ಆಳ. ರಾತ್ರಿ ಕೊಲ್ಲಿ ಕಡೆಯಿಂದ ತಣ್ಣನೆ ಭಾರದ ಗಾಳಿ ಬಂದರೆ ಬೇರೆ ಊರಲ್ಲಿ ಗೋಡೆ ದಾಟಿ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಆಗುವ ಚೆಂಡು ಇಲ್ಲಿ ಫೀಲ್ಡರ್ ಕೈಗೆ ಬೀಳುತ್ತದೆ. ಎಡಗೈ ಬ್ಯಾಟರ್‌ನ ದೊಡ್ಡ ಹೊಡೆತ ಹೆಚ್ಚಾಗಿ ಬಲಗಡೆಗೇ ಹೋಗುವುದರಿಂದ ಅವನಿಗೆ ಇದು ಕಷ್ಟದ ಜಾಗ. ಡೆವರ್ಸ್ ಎಡಗೈ ಆದರೂ ಎಡಗಡೆಗೂ ಚೆನ್ನಾಗಿ ಹೊಡೆಯುತ್ತಾನೆ. ಅದೇ ನನಗೆ ಧೈರ್ಯ. ಮುಂದಿನ ವಾರಗಳಲ್ಲಿ ಅವನು ಎಡಗಡೆಗೆ ಗಟ್ಟಿಯಾಗಿ ಹೊಡೆಯುವುದು ಕಂಡರೆ, ಫಲಿತಾಂಶ ಏನೇ ಇರಲಿ, ಸರಿ ಹೋಗುತ್ತಿದ್ದಾನೆ ಎಂದು ತಿಳಿಯಿರಿ.

ನನಗೆ ನಿಜವಾಗಿ ಆಸೆ ಹುಟ್ಟಿಸುವುದು ಇನ್ನಿಬ್ಬರು. ಮ್ಯಾಟ್ ಚಾಪ್‌ಮನ್ ಕೈ ಪೆಟ್ಟಾಗಿ ಸುಮಾರು ಒಂದು ತಿಂಗಳು ಇರಲಿಲ್ಲ, ಜುಲೈ 5ಕ್ಕೆ ವಾಪಸ್ ಬಂದ. ಅವನು ಥರ್ಡ್ ಬೇಸ್‌ನಲ್ಲಿ ನಿಂತರೆ ವೆಬ್‌ನ ಉರುಳು ಚೆಂಡುಗಳಿಗೆ ಮನೆ ಸಿಕ್ಕ ಹಾಗೆ. ಇನ್ನೊಬ್ಬ ವಿಲ್ಲಿ ಅಡಾಮೆಸ್. 7 ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟು ತಂದವನು ಎರಡು ತಿಂಗಳು ಹೊಡೆಯಲೇ ಇಲ್ಲ. ಈಗ ನಿಧಾನವಾಗಿ ಏಳುತ್ತಿದ್ದಾನೆ. ಲೀ ಜಂಗ್ ಹೂ ಏಪ್ರಿಲ್‌ನಲ್ಲಿ ಎಲ್ಲರ ಬಾಯಲ್ಲಿದ್ದ, ಆಮೇಲೆ ಮಂಕಾದ. ಅಡಾಮೆಸ್, ಚಾಪ್‌ಮನ್, ಡೆವರ್ಸ್ ಮೂವರೂ ಒಂದೇ ತಿಂಗಳು ಹೊಡೆದದ್ದನ್ನು ನಾವು ಇನ್ನೂ ನೋಡಿಯೇ ಇಲ್ಲ. ಆ ತಿಂಗಳು ಆಗಸ್ಟ್ ಆದರೆ 87 ಏನು, 90 ಕೂಡ ಆಗುತ್ತದೆ.

ಹೋದ ವಾರದ ಒಂದು ಮ್ಯಾಚ್ ಹೇಳಲೇಬೇಕು. ಜುಲೈ 8, ಫಿಲಡೆಲ್ಫಿಯಾ ಎದುರು. ನಾನು ಮೇಲಿನ ಸ್ಟ್ಯಾಂಡ್‌ನಲ್ಲಿ ಮಗಳ ಜೊತೆ ಕೂತಿದ್ದೆ. ಒಂಬತ್ತನೇ ಇನಿಂಗ್ಸ್, 3-1ರಿಂದ ಹಿಂದಿದ್ದೆವು. ಪಕ್ಕದ ಸಾಲಿನವರು ರೈಲು ಹಿಡಿಯಲು ಎದ್ದು ಹೋಗಿದ್ದರು. ನಮ್ಮ ಇಬ್ಬರು ಬೇಸ್ ಮೇಲೆ, ಅಂದರೆ ರನ್‌ಗೆ ಸುತ್ತಿ ಬರುವ ದಾರಿಯ ನಿಲ್ದಾಣಗಳಲ್ಲಿ, ಇದ್ದಾಗ ಕ್ಯಾಚರ್ ಪ್ಯಾಟ್ರಿಕ್ ಬೇಲಿ ಬಲ ಮಧ್ಯಕ್ಕೆ ಎತ್ತಿ ಹೊಡೆದ. ಚೆಂಡು ಗೋಡೆಯ ಮೇಲ್ತುದಿಯ ಇಟ್ಟಿಗೆಗೆ ಬಡಿಯಿತು. ಬಡಿದದ್ದು ಫೀಲ್ಡರ್ ಕಡೆಗೆ ಬರಲಿಲ್ಲ, ಗೋಡೆ ಪಕ್ಕದಲ್ಲೇ ದೂರ ಉರುಳಿತು. ಮಗಳು ನನ್ನ ತೋಳು ಹಿಡಿದು "ಅಪ್ಪಾ, ಇನ್ನೂ ಓಡ್ತಿದ್ದಾನೆ" ಅಂದಳು. ಇಬ್ಬರು ಬಂದರು, ಸ್ಕೋರ್ ಸಮ. ಬೇಲಿ ಮೂರನೇ ಬೇಸ್ ದಾಟಿಯೂ ನಿಲ್ಲಲಿಲ್ಲ. ಕ್ಯಾಚರ್‌ಗಳು ಓಟಗಾರರಲ್ಲ, ದಿನವೂ ಮಂಡಿ ಮಡಚಿ ಕೂತು ಕಾಲು ಸವೆದಿರುತ್ತವೆ. ಅವನು ಮನೆ, ಅಂದರೆ ಹೊರಟ ಪ್ಲೇಟ್ ಮುಟ್ಟಿದ, 4-3. ಚೆಂಡು ಮೈದಾನದ ಒಳಗೇ ಇದ್ದು ಹೋಮ್ ರನ್, ಅದರಲ್ಲೇ ಮ್ಯಾಚ್ ಗೆಲುವು. ಒಬ್ಬ ಕ್ಯಾಚರ್ ಹೀಗೆ ಮಾಡಿದ್ದು 1926ರ ನಂತರ ಇದೇ ಮೊದಲು. ನನ್ನ ಗಂಟಲು ಎರಡು ದಿನ ಕಟ್ಟಿತ್ತು.

ಅದೇ ವಾರದ ಭಾನುವಾರ ಡಾಡ್ಜರ್ಸ್ ಎದುರು ಉಲ್ಟಾ ಆಯಿತು. ಲೂಯಿಸ್ ಮಾಟೋಸ್ ಒಂಬತ್ತನೇ ಇನಿಂಗ್ಸ್‌ನಲ್ಲಿ 2 ರನ್ ಹೊಡೆದು ಸಮ ಮಾಡಿದ. ಹನ್ನೊಂದನೆಯದರಲ್ಲಿ 5-2ಕ್ಕೆ ಸೋತೆವು. ಹತ್ತನೇ ಇನಿಂಗ್ಸ್‌ನಿಂದ ಎರಡನೇ ಬೇಸ್‌ನಲ್ಲಿ ಒಬ್ಬನನ್ನು ಸುಮ್ನೆ ನಿಲ್ಲಿಸಿ ಕೊಡುತ್ತಾರೆ. ಆ ಒಬ್ಬನನ್ನು ಮನೆಗೆ ತರಲು ನಮಗೆ ಆಗುತ್ತಿಲ್ಲ. ಹಾಗಾಗಿ ದಿನಾ ಪಾಯಿಂಟ್ ಪಟ್ಟಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಎರಡನೇ, ಮೂರನೇ ಬೇಸ್‌ನಲ್ಲಿ ಆಳು ಇದ್ದಾಗ ನಮ್ಮವರು ಏನು ಮಾಡಿದರು ಅನ್ನುವುದನ್ನು ಮಾತ್ರ ನೋಡಿ. ಬೆಳಿಗ್ಗೆ ಎದ್ದು ಸ್ಕೋರ್ ನೋಡುವವರಿಗೂ ಅದು ಒಂದು ಸಾಲಿನಲ್ಲಿ ಸಿಗುತ್ತದೆ.

ಜುಲೈ 31 ಆಟಗಾರರ ಅದಲು ಬದಲಿಗೆ ಕೊನೆಯ ದಿನ. ನಮ್ಮ ಅಭಿಮಾನಿಗಳ ಗುಂಪಿನಲ್ಲಿ ಕೆಲವರು ಬ್ರೈಸ್ ಎಲ್ಡ್ರಿಜ್‌ನನ್ನು ಕೊಟ್ಟು ದೊಡ್ಡ ಪಿಚರ್ ತರಬೇಕು ಎನ್ನುತ್ತಿದ್ದಾರೆ. ನನಗೆ ಅದು ಒಂದು ಚೂರೂ ಸರಿ ಕಾಣುವುದಿಲ್ಲ. ಹುಡುಗನಿಗೆ 20 ವರ್ಷ, 6 ಅಡಿ 7 ಇಂಚು, ಫಸ್ಟ್ ಬೇಸ್, ಸ್ಯಾಕ್ರಮೆಂಟೊದಲ್ಲಿರುವ ನಮ್ಮ ಕೆಳಹಂತದ ತಂಡದಲ್ಲಿ ಆಡುತ್ತಿದ್ದಾನೆ. ಎರಡು ತಿಂಗಳ ಬಾಡಿಗೆ ಪಿಚರ್‌ಗೋಸ್ಕರ ಅವನನ್ನು ಕೊಡುವುದು ಬಿತ್ತನೆ ಬೀಜ ಕುಟ್ಟಿ ಊಟ ಮಾಡಿದ ಹಾಗೆ. ಸಣ್ಣ ಬೆಲೆಗೆ ನಾಲ್ಕನೇ ಪಿಚರ್ ಸಿಕ್ಕರೆ ತನ್ನಿ. ಇನ್ನು ಜುಲೈ ಕೊನೆಗೆ ಸೋಲಿನ ಸಾಲು ಬಂದುಬಿಟ್ಟರೆ ಬುಲ್‌ಪೆನ್‌ನವರನ್ನು ಮಾರುವ ಮಾತು ಬರುತ್ತದೆ. ಅದಕ್ಕೇ ಮುಂದಿನ ಎರಡು ವಾರ ಬಹಳ ಮುಖ್ಯ. ಮೊದಲು ಟೊರಾಂಟೊ, ಅಟ್ಲಾಂಟಾ, ಆಮೇಲೆ ಮನೆಗೆ ಬಂದು ಮೆಟ್ಸ್, ಪಿಟ್ಸ್‌ಬರ್ಗ್. ಈ 12 ಮ್ಯಾಚ್‌ನಲ್ಲಿ 7 ಗೆದ್ದರೆ ನಾನು ನೆಮ್ಮದಿಯಾಗಿ ಮಲಗುತ್ತೇನೆ. 4 ಮಾತ್ರ ಗೆದ್ದರೆ ಕಷ್ಟ. ಆಮೇಲೆ ಪ್ಯಾಡ್ರೆಸ್ ಜೊತೆ 7, ಡಾಡ್ಜರ್ಸ್ ಜೊತೆ 7 ಬಾಕಿ ಇವೆ. ಪ್ಯಾಡ್ರೆಸ್ ಜೊತೆಗಿನದು ಎಲ್ಲಾ ಆಗಸ್ಟ್‌ನಲ್ಲೇ. ನನ್ನ ಲೆಕ್ಕ 86ರಿಂದ 88, ಕೊನೆಯ ವಾರದವರೆಗೂ ಎಳೆದಾಟ.

ಈಗ ನಿಮ್ಮ ಅಪ್ಪ ಅಮ್ಮನ ವಿಷಯ. ಆಗಸ್ಟ್ 11ರಿಂದ 13 ಪ್ಯಾಡ್ರೆಸ್ ಇಲ್ಲಿಗೆ ಬರುತ್ತಾರೆ, ಮೈದಾನದಲ್ಲಿ ಕಾವು ಇರುತ್ತದೆ. ಆದರೆ ರಾತ್ರಿ ಚಳಿ. ವಯಸ್ಸಾದವರಿಗೆ 8ರಿಂದ 10ರ ವಾಷಿಂಗ್ಟನ್ ಅಥವಾ 15ರಿಂದ 17ರ ಟ್ಯಾಂಪಾ ಬೇ ಸರಣಿಯಲ್ಲಿ ಶನಿವಾರ ಭಾನುವಾರದ ಹಗಲು ಮ್ಯಾಚ್ ಸಿಕ್ಕರೆ ಒಳ್ಳೆಯದು. ಸನ್ನಿವೇಲ್ ಕಡೆಯಿಂದ ಕಾರು ಬೇಡ. ಕ್ಯಾಲ್‌ಟ್ರೇನ್ ಹತ್ತಿ ಕೊನೆಯ ಸ್ಟೇಷನ್‌ನಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. ಹಗಲಾದರೂ ಸ್ವೆಟರ್ ಮತ್ತು ಅಮ್ಮನಿಗೆ ಕಿವಿ ಮುಚ್ಚುವ ಸ್ಕಾರ್ಫ್ ಇರಲಿ. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಬಹುದು, ನಾವು ಯಾವಾಗಲೂ ಹಾಗೇ ಮಾಡುವುದು. ಬೆಳ್ಳುಳ್ಳಿ ಹಾಕಿದ ಫ್ರೈಸ್ ಮಾತ್ರ ಅಲ್ಲೇ ತಿನ್ನಿಸಿ. ಸೀಟು ಥರ್ಡ್ ಬೇಸ್ ಕಡೆ ಮೇಲಿನ ಸ್ಟ್ಯಾಂಡ್‌ನಲ್ಲಿ ತಗೊಳ್ಳಿ. ಬೆಲೆಯೂ ಕಡಿಮೆ, ಕೊಲ್ಲಿಯ ನೀರು, ದೋಣಿಗಳು ಎಲ್ಲಾ ಕಾಣುತ್ತವೆ.

ಅಪ್ಪನಿಗೆ ಪೂರ್ತಿ ನಿಯಮ ಹೇಳಲು ಹೋಗಬೇಡಿ. ಇಲ್ಲಿ ಬ್ಯಾಟರ್‌ಗೆ ಕಾಯಲು ವಿಕೆಟ್ ಇಲ್ಲ, ಮೂರು ತಪ್ಪಿದರೆ ಔಟ್, ಮೂರು ಔಟ್ ಆದರೆ ಸರದಿ ಬದಲು ಎಂದರೆ ಸಾಕು. ಏಳನೇ ಎಂಟನೇ ಇನಿಂಗ್ಸ್‌ನಲ್ಲಿ ಟೈಲರ್ ರೋಜರ್ಸ್ ಬಂದರೆ ಅಪ್ಪನ ಭುಜ ತಟ್ಟಿ ತೋರಿಸಿ. ಕೈ ನೆಲಕ್ಕೆ ತಾಗುವಷ್ಟು ಬಗ್ಗಿ ಕೆಳಗಿನಿಂದ ಎಸೆಯುತ್ತಾನೆ, ಹಳೆ ಕಾಲದ ಅಂಡರ್‌ಆರ್ಮ್ ಥರ. ನಮ್ಮ ಮಾವ ಹೋದ ವರ್ಷ ಅವನನ್ನು ನೋಡಿದ ಮೇಲೆಯೇ ಮುಂದೆ ಬಗ್ಗಿ ಕೂತು ಮ್ಯಾಚ್ ನೋಡಲು ಶುರು ಮಾಡಿದ್ದು.

ನಾವು 16ನೇ ತಾರೀಖು ಶನಿವಾರ ಹೋಗುತ್ತಿದ್ದೇವೆ. ನೀವೂ ಅದೇ ದಿನ ಬರುವುದಾದರೆ ಇಲ್ಲೇ ತಿಳಿಸಿ, ಪಕ್ಕಪಕ್ಕದ ಸೀಟು ನೋಡುತ್ತೇನೆ. ಸ್ಟೇಷನ್ ಹೊರಗೆ ಸಿಗೋಣ.