ಹಿಮದ ರಸ್ತೆಗೆ ಹಳೆಯ ಕಾರು: ಮೊದಲು ತಳವನ್ನು ನೋಡಿ

15 ವರ್ಷ ಹಳೆಯ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಸುಬಾರು ಫಾರೆಸ್ಟರ್ ಒಳ್ಳೆಯದೋ, ಅಷ್ಟೇ ವಯಸ್ಸಿನ, ಮುಂದಿನ ಚಕ್ರಗಳಿಂದಷ್ಟೇ ಚಲಿಸುವ ಟೊಯೋಟಾ ಕೊರೊಲ್ಲಾ ಒಳ್ಳೆಯದೋ ಎಂದು ಕೇಳಿದ್ದೀರಿ; ಫಾರೆಸ್ಟರ್‌ನ ತಳಕ್ಕೆ ತುಕ್ಕು ಹಿಡಿದಿದೆ ಎಂದೂ ತಿಳಿಸಿದ್ದೀರಿ. ಆ ತುಕ್ಕಿನ ಕಾರಣಕ್ಕೇ ನಾನು ಕೊರೊಲ್ಲಾವನ್ನು ಆರಿಸುತ್ತೇನೆ.

ನಾಲ್ಕು ಚಕ್ರಗಳ ಚಾಲನೆಯು ನಿಂತ ಕಾರು ಹಿಮದಿಂದ ಮುಂದೆ ಸಾಗಲು ನೆರವಾಗುತ್ತದೆಯೇ ಹೊರತು, ಬ್ರೇಕ್ ಒತ್ತಿದಾಗ ನಿಲ್ಲುವ ದೂರವನ್ನು ಕಡಿಮೆ ಮಾಡುವುದಿಲ್ಲ. ಆ ಕೆಲಸ ಟೈರುಗಳದ್ದು. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಬೇಸಿಗೆ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರು ಮೆದುವಾಗಿಯೇ ಉಳಿಯುತ್ತದೆ. ಆದ್ದರಿಂದ ನಾಲ್ಕು ಒಳ್ಳೆಯ ಚಳಿಗಾಲದ ಟೈರುಗಳಿಗೆ ಹಣ ಮೀಸಲಿಟ್ಟ ನಂತರವೇ ಕಾರಿನ ಬೆಲೆ ಮಾತನಾಡಿ.

ಯಾವುದನ್ನು ಕೊಂಡರೂ ಮೊದಲು ಗ್ಯಾರೇಜಿನಲ್ಲಿ ಕಾರನ್ನು ಎತ್ತುವ ಲಿಫ್ಟ್ ಮೇಲೆ ಏರಿಸಿ, ಬ್ರೇಕ್ ದ್ರವ ಹರಿಯುವ ಉಕ್ಕಿನ ಕೊಳವೆಗಳನ್ನು ಟಾರ್ಚ್ ಹಿಡಿದು ಕೊನೆಯವರೆಗೂ ಪರೀಕ್ಷಿಸಿರಿ. ರಸ್ತೆಗೆ ಎರಚುವ ಉಪ್ಪು ಅವುಗಳನ್ನು ಹೊರಗಿನಿಂದ ತಿನ್ನುತ್ತಾ ಹೋಗಿ, ಜೋರಾಗಿ ಬ್ರೇಕ್ ಒತ್ತಿದ ಗಳಿಗೆಯಲ್ಲೇ ಒಡೆಯುವಂತೆ ಮಾಡಬಲ್ಲದು. ಚೌಕಟ್ಟನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದಾಗ ಲೋಹ ಪದರವಾಗಿ ಉದುರಿದರೆ ಆ ಕಾರನ್ನು ದಯವಿಟ್ಟು ಬಿಟ್ಟುಬಿಡಿ. ಬಣ್ಣ ಬಳಿದು ಮುಚ್ಚಿದ ತುಕ್ಕನ್ನಂತೂ ನಂಬಲೇಬೇಡಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಾಧ್ಯವಾದರೆ ಮುಂಜಾನೆಯೇ, ಸ್ಟಾರ್ಟ್ ಮಾಡಿಸಿ ನೋಡಿರಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಬ್ಯಾಟರಿಯ ದೌರ್ಬಲ್ಯ ತಿಳಿಯುವುದಿಲ್ಲ. ಎಂಜಿನ್ ಬಿಸಿಯಾದ ಮೇಲೂ ಹೀಟರ್‌ನಿಂದ ಉಗುರುಬೆಚ್ಚನೆಯ ಗಾಳಿಯೇ ಬಂದರೆ, ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಕಡಿಮೆಯಿದೆಯೇ, ಆ ದ್ರವದ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ಮೆಕ್ಯಾನಿಕ್‌ರಿಂದ ಪರಿಶೀಲಿಸಿಕೊಳ್ಳಿ.