ಕಾಲಲ್ಲಿ ನರ ಗಂಟು ಕಟ್ಟಿದರೆ ಯಾವ ಡಾಕ್ಟರಿಗೆ ತೋರಿಸಬೇಕು?

ಅಮ್ಮನ ಮೀನಖಂಡದಲ್ಲಿ ನೀಲಿ ನರ ಗಂಟು ಕಟ್ಟಿದೆ, ನರದ ಡಾಕ್ಟರಿಗೆ ತೋರಿಸಬೇಕಾ, ಎಣ್ಣೆ ತಿಕ್ಕಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಸೀರೆ ಅಂಗಡಿಯಲ್ಲಿ 14 ವರ್ಷ ನಿಂತು ಕೆಲಸ ಮಾಡಿ ಇದೇ ಕಷ್ಟ ಪಟ್ಟವಳು.

ನಾವು ಎಲ್ಲದಕ್ಕೂ ‘ನರ’ ಅಂತೀವಲ್ಲ, ಅದರಿಂದಲೇ ನನಗೆ ಎರಡು ವರ್ಷ ಹೋಯಿತು. ನರ ದುರ್ಬಲ ಆಗಿದೆ ಅಂದುಕೊಂಡು ಸುಮ್ನೆ ವಿಟಮಿನ್ ಮಾತ್ರೆ ನುಂಗುತ್ತಿದ್ದೆ. ಹೀಗೆ ಉಬ್ಬುವುದು ನರ ಅಲ್ಲ, ರಕ್ತನಾಳ. ವೆರಿಕೋಸ್ ವೇನ್ಸ್ ಅನ್ನುತ್ತಾರೆ. ರಕ್ತನಾಳದ ಡಾಕ್ಟರಾದ ವ್ಯಾಸ್ಕುಲರ್ ಸರ್ಜನ್‌ಗೆ ತೋರಿಸಿ. ಅವರು ಹತ್ತಿರದಲ್ಲಿ ಇಲ್ಲದಿದ್ದರೆ ಜನರಲ್ ಸರ್ಜನ್ ಆದರೂ ಸರಿ.

ಕಾಲಿನ ರಕ್ತ ಹೃದಯದ ತನಕ ಮೇಲೇರಬೇಕು ಅಲ್ವಾ? ನಡೆದಾಗ ಮೀನಖಂಡ ಅದನ್ನು ಹಿಂಡಿ ಮೇಲೆ ತಳ್ಳುತ್ತದೆ. ಏರಿದ್ದು ಮತ್ತೆ ಜಾರದಂತೆ ನಾಳದೊಳಗೆ ಪುಟ್ಟ ಕವಾಟಗಳಿವೆ. ಅವು ಕೆಟ್ಟರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗುತ್ತದೆ. ಹೆತ್ತವರಿಗೆ ಇದ್ದರೆ, ಬಸಿರಲ್ಲಿ, ತೂಕ ಜಾಸ್ತಿಯಾದರೆ, ಅಲುಗದೆ ನಿಂತಿದ್ದರೆ ಬರುವುದು ಹೆಚ್ಚು. ನಮ್ಮ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ. ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದವು. ಆ ಸುದ್ದಿ ಓದಿ ಕಣ್ಣು ತುಂಬಿತ್ತು.

ಎಣ್ಣೆಗೆ ಕವಾಟ ಸರಿಹೋಗುವುದಿಲ್ಲ. ಗಂಟಿನ ಮೇಲೆ ಜೋರಾಗಿ ತಿಕ್ಕಲೂಬೇಡಿ. ಮೊದಲು ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ನೋವಿಲ್ಲ, ನನ್ನನ್ನು ನಿಲ್ಲಿಸಿಕೊಂಡೇ ಮಾಡಿದರು. ನನಗೆ ಕೆಟ್ಟ ನಾಳವನ್ನು ಒಳಗಿನಿಂದ ಮುಚ್ಚುವ ಲೇಸರ್ ಚಿಕಿತ್ಸೆ ಆಯಿತು, ಅದೇ ದಿನ ನಡೆದುಕೊಂಡು ಮನೆಗೆ ಬಂದೆ. ಕೆಲವರಿಗೆ ಬಿಗಿ ಕಾಲುಚೀಲವೇ ಸಾಕಾಗುತ್ತದೆ. ಬೆಳಿಗ್ಗೆ ಊತ ಬರುವ ಮುಂಚೆಯೇ ಹಾಕಬೇಕು. ಆದರೆ ಡಾಕ್ಟರನ್ನು ಕೇಳದೆ ತರಬೇಡಿ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದೆ ಅಂತ ಅಮ್ಮ ಹೇಳಿದರೆ, ಕಾಲಿಗೆ ರಕ್ತ ತರುವ ನಾಳವೇ ಕಿರಿದಾಗಿರಬಹುದು. ಅಂಥವರಿಗೆ ಬಿಗಿ ಚೀಲ ಅಪಾಯ.

ಕಣಕಾಲಿನ ಒಳಬದಿ ಕಪ್ಪಾಗಿ ತುರಿಸುತ್ತಿದೆಯಾ ನೋಡಿ. ಹಾಗಿದ್ದರೆ ತಡ ಮಾಡಬೇಡಿ, ಮುಂದೆ ಅಲ್ಲೇ ಹುಣ್ಣಾಗಬಹುದು, ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ.

ಗಂಟು ಒಡೆದು ರಕ್ತ ಚಿಮ್ಮಿದರೆ ಗಾಬರಿಯಾಗಬೇಡಿ. ಅಮ್ಮನನ್ನು ಮಲಗಿಸಿ, ಕಾಲು ಎತ್ತಿ ಹಿಡಿದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.