ಲಿಕ್ವಿಡ್ ನೈಟ್ರೋಜನ್ ಗಾಡಿ ಯಾಕೆ ರಸ್ತೆಗೆ ಬರ್ಲಿಲ್ಲ? (ಸಂಪಾದಕರ ಉತ್ತರ)

ನಮಸ್ಕಾರ. ನಿಮ್ಮ ಪತ್ರ, ಜೊತೆಗೆ ಇಂಜಿನ್ ಸ್ಕೆಚ್ಚು ಎರಡೂ ಬಂದಿದೆ. ಗಾಳಿಯಲ್ಲಿ ಶೇ. 78ರಷ್ಟು ನೈಟ್ರೋಜನ್ನೇ ಇರೋವಾಗ ಅದನ್ನೇ ದ್ರವ ಮಾಡಿ ಟ್ಯಾಂಕಿಗೆ ತುಂಬಿಸಿ ಹೊಗೆ ಇಲ್ದೆ ಗಾಡಿ ಓಡಿಸ್ಬಹುದಲ್ವಾ, ಇಂಥ ಪುಕ್ಕಟೆ ಇಂಧನವನ್ನ ಯಾರೋ ಬೇಕಂತ್ಲೇ ತುಳಿದಿಟ್ಟಿದಾರೆ ಅಂತ ಬರ್ದಿದೀರಿ, ನಮ್ಮ ಬ್ಯಾಟರಿ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ ಅಂತ ಬೇಜಾರೂ ಮಾಡ್ಕೊಂಡಿದೀರಿ. ವಿಷಯ ನನಗೂ ತುಂಬಾ ಇಷ್ಟದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಗಾಡಿ ಓಡುತ್ತಾ ಅಂದ್ರೆ ಓಡುತ್ತೆ. 1990ರ ದಶಕದಲ್ಲೇ ಅಮೆರಿಕದ ವಾಷಿಂಗ್ಟನ್ ಯೂನಿವರ್ಸಿಟಿಯವರು ಒಂದು ಹಳೇ ಟಪಾಲು ವ್ಯಾನಿಗೆ ಈ ಇಂಜಿನ್ ಕೂರಿಸಿ ಎಲ್‌ಎನ್2000 ಅಂತ ಹೆಸರಿಟ್ಟು ಓಡಿಸಿದ್ರು, ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಾರ್ತ್ ಟೆಕ್ಸಸ್ ಯೂನಿವರ್ಸಿಟಿಯವರೂ ಒಂದು ಕಾರು ಮಾಡಿದ್ರು. ಯಾರೂ ಮುಚ್ಚಿಟ್ಟಿಲ್ಲ, ಎಲ್ಲಾ ಪ್ರಕಟ ಆಗಿದೆ.

ಇದರ ಐಡಿಯಾನೇ ಚಂದ. ನೈಟ್ರೋಜನ್ ಮೈನಸ್ 196 ಡಿಗ್ರಿಗೇ ಕುದಿಯುತ್ತೆ, ಅಂದ್ರೆ ಅದಕ್ಕೆ ನಮ್ಮ ಸುತ್ತಲಿನ ಮಾಮೂಲಿ ಗಾಳಿಯೇ ಉರಿಯೋ ಒಲೆ ಇದ್ದಂಗೆ. ದ್ರವವನ್ನ ಪಂಪಲ್ಲಿ ಒತ್ತಿ ಹೀಟ್ ಎಕ್ಸ್‌ಚೇಂಜರ್ (ಹೊರಗಿನ ಶಾಖವನ್ನ ಒಳಗಿನ ದ್ರವಕ್ಕೆ ದಾಟಿಸೋ ಪೈಪುಗಳ ಜೋಡಣೆ) ಒಳಗೆ ಬಿಟ್ರೆ ಹೊರಗಿನ ಶಾಖ ಎಳ್ಕೊಂಡು ಗ್ಯಾಸ್ ಆಗುತ್ತೆ, ಆ ಪ್ರೆಶರ್ ಪಿಸ್ಟನ್ ತಳ್ಳುತ್ತೆ, ಕೊನೆಗೆ ಹೊರಗೆ ಹೋಗೋದು ಬರೀ ತಣ್ಣನೆ ನೈಟ್ರೋಜನ್. ಒಂದು ಲೀಟರ್ ದ್ರವ ಗ್ಯಾಸ್ ಆದ್ರೆ ಸುಮಾರು 700 ಲೀಟರ್.

ಆದ್ರೆ ಆ ಹೀಟ್ ಎಕ್ಸ್‌ಚೇಂಜರನ್ನ ಹತ್ರದಿಂದ ನೋಡಿ. ಗಾಳಿಯ ತೇವ ಎಲ್ಲಾ ಅದರ ಪೈಪಿನ ಮೇಲೆ ಹಿಮ ಆಗಿ ಕೂರುತ್ತೆ, ಪದರ ದಪ್ಪ ಆದಂಗೆಲ್ಲ ಶಾಖ ಒಳಗೆ ಹೋಗಲ್ಲ, ಇಂಜಿನ್ ಸುಸ್ತಾಗುತ್ತೆ. ಇನ್ನೂ ಒಂದಿದೆ, ಆಕ್ಸಿಜನ್ ದ್ರವ ಆಗೋದು ಮೈನಸ್ 183ಕ್ಕೆ, ಹಾಗಾಗಿ ತೀರಾ ತಣ್ಣಗಿರೋ ಪೈಪಿನ ಮೇಲೆ ಆಕ್ಸಿಜನ್ ಹೆಚ್ಚಿರೋ ದ್ರವ ಗಾಳಿ ಹನಿಹನಿಯಾಗಿ ಇಳಿಯೋಕೆ ಶುರು, ಅದು ಗ್ರೀಸ್ ಮೇಲೋ ಡಾಂಬರಿನ ಮೇಲೋ ಬಿದ್ರೆ ಬೆಂಕಿ ಅಪಾಯ. ಬ್ರಿಟನ್ನಿನ ಪೀಟರ್ ಡಿಯರ್‌ಮನ್ ಅನ್ನೋರು ಇಲ್ಲೊಂದು ಒಳ್ಳೇ ಉಪಾಯ ತಂದ್ರು. ನೀರು ಮತ್ತು ಗ್ಲೈಕಾಲ್ (ನೀರು ಹೆಪ್ಪುಗಟ್ಟದಂಗೆ ತಡೆಯೋ ದ್ರವ) ಸೇರಿಸಿದ ದ್ರವವನ್ನ ಸಿಲಿಂಡರ್ ಒಳಗೇ ಬಿಟ್ಟು, ನೈಟ್ರೋಜನ್ ಹಿಗ್ಗೋ ಕ್ಷಣದಲ್ಲೇ ಅದಕ್ಕೆ ಶಾಖ ಕೊಡೋದು, ಆಗ ಹಿಗ್ತಾ ಹಿಗ್ತಾ ತಣ್ಣಗಾಗಲ್ಲ, ಅಷ್ಟೇ ನೈಟ್ರೋಜನ್ನಿಂದ ಜಾಸ್ತಿ ಕೆಲಸ ಸಿಗುತ್ತೆ.

ಹಾಗಿದ್ರೆ ತೊಡಕು ಎಲ್ಲಿ? ಪುಕ್ಕಟೆ ಅಂದ್ರಲ್ಲ, ಅಲ್ಲೇ. ನೈಟ್ರೋಜನ್ ಪುಕ್ಕಟೆ, ಅದನ್ನ ತಣ್ಣಗೆ ಮಾಡೋ ಕರೆಂಟ್ ಪುಕ್ಕಟೆ ಅಲ್ಲ. ದೊಡ್ಡ ಪ್ಲಾಂಟಲ್ಲೂ ಒಂದು ಕೆಜಿ ಮಾಡೋಕೆ ಅರ್ಧ ಯೂನಿಟ್ ಹತ್ರ ಖರ್ಚಾಗುತ್ತೆ. ಅದರಿಂದ ವಾಪಸ್ ಪಡೀಬಹುದಾದ ಕೆಲಸ, ಎಲ್ಲಾ ಪರ್ಫೆಕ್ಟ್ ಆಗಿದ್ರೂ, 0.21 ಯೂನಿಟ್ ಮೀರಲ್ಲ. ನಿಜವಾದ ಇಂಜಿನ್ 0.1 ಕೊಡ್ತು ಅಂತ ಧಾರಾಳವಾಗೇ ಇಟ್ಕೊಳ್ಳಿ. ಒಂದು ಕಾರು 100 ಕಿಲೋಮೀಟರ್ ಹೋಗೋಕೆ ಚಕ್ರಕ್ಕೆ 15 ಯೂನಿಟ್ ಬೇಕು ಅಂದ್ರೆ 150 ಕೆಜಿ, ಅಂದ್ರೆ 185 ಲೀಟರ್ ನೈಟ್ರೋಜನ್, ಅದನ್ನ ಮಾಡೋಕೆ 75 ಯೂನಿಟ್ ಆಸುಪಾಸು. ಬ್ಯಾಟರಿ ಕಾರಿಗೆ ಅದೇ ದಾರಿಗೆ ಪ್ಲಗ್ಗಿಂದ 20 ಯೂನಿಟ್ ಸಾಕು. ಗಾಡಿ ನಿಂತಿದ್ರೂ ನೈಟ್ರೋಜನ್ ಸುಮ್ನಿರಲ್ಲ, ಎಷ್ಟೇ ಒಳ್ಳೇ ಟ್ಯಾಂಕಾದ್ರೂ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗ್ತಾನೇ ಇರುತ್ತೆ. ಇದನ್ನ ಸೋಲಿಸಿದ್ದು ಈ ಲೆಕ್ಕ, ಅದಕ್ಕೆ ಯಾರ ಪಿತೂರಿಯೂ ಬೇಕಾಗಿಲ್ಲ.

ಹಾಗಂತ ಕೈಬಿಡಬೇಕಾ? ಖಂಡಿತ ಬೇಡ. ತಣ್ಣಗಿರೋದೇ ಬೇಕಾದ ಕಡೆ ಲೆಕ್ಕ ತಿರುಗುತ್ತೆ. ತರಕಾರಿ, ಹಾಲು, ಔಷಧಿ ಸಾಗ್ಸೋ ಫ್ರಿಜ್ ಲಾರಿಗಳಲ್ಲಿ ಡಬ್ಬ ತಂಪಾಗಿಡೋಕೇ ಅಂತ ಪ್ರತ್ಯೇಕ ಡೀಸೆಲ್ ಇಂಜಿನ್ ಇರುತ್ತಲ್ಲ, ಅದರ ಜಾಗದಲ್ಲಿ ನೈಟ್ರೋಜನ್ ಇಟ್ರೆ ಮೊದ್ಲು ಅದರ ಚಳಿ ಡಬ್ಬಕ್ಕೆ, ಆಮೇಲೆ ಅದೇ ಗ್ಯಾಸ್ ಹಿಗ್ಗಿ ಕಂಪ್ರೆಸರ್ ತಿರುಗ್ಸುತ್ತೆ, ಎರಡು ಸಲ ಉಪಯೋಗ. ಡಿಯರ್‌ಮನ್ ಕಂಪನಿ ಹಿಡಿದಿದ್ದೂ ಇದೇ ದಾರಿ, ಲಾರಿಗಳಲ್ಲಿ ಪ್ರಯೋಗವೂ ಆಯ್ತು. ಇನ್ನು ಗಾಳಿಯನ್ನ ದ್ರವ ಮಾಡಿ ಕರೆಂಟ್ ಕೂಡಿಡೋ, ಒಂದೇ ಕಡೆ ನಿಲ್ಲೋ ಪ್ಲಾಂಟಾದ್ರೆ ಹೊರಗೆ ಬರೋ ಚಳಿಯನ್ನ ಹಿಡಿದಿಟ್ಟು ಮತ್ತೆ ದ್ರವ ಮಾಡೋಕೆ ಬಳಸ್ಬಹುದು, ಗಾಡಿಯಲ್ಲಿ ಅದಾಗಲ್ಲ. ಹೈವ್ಯೂ ಪವರ್ ಅನ್ನೋ ಬ್ರಿಟಿಷ್ ಕಂಪನಿ 2018ರಲ್ಲಿ ಮ್ಯಾಂಚೆಸ್ಟರ್ ಹತ್ರ ಅಂಥ 5 ಮೆಗಾವಾಟಿನ ದ್ರವ ಗಾಳಿ ಪ್ಲಾಂಟ್ ನಡೆಸಿ ತೋರ್ಸಿದೆ. ಹಡಗಲ್ಲಿ ಬರೋ ಎಲ್‌ಎನ್‌ಜಿಯನ್ನ (ದ್ರವ ಮಾಡಿದ ನೈಸರ್ಗಿಕ ಅನಿಲ) ಮತ್ತೆ ಗ್ಯಾಸ್ ಮಾಡೋ ಟರ್ಮಿನಲ್‌ಗಳಲ್ಲಂತೂ ಮೈನಸ್ 162 ಡಿಗ್ರಿಯ ಚಳಿಯನ್ನ ಎಷ್ಟೋ ಕಡೆ ಸಮುದ್ರದ ನೀರಿಗೆ ಸುರೀತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆ ಚಳಿಯಿಂದ ನೈಟ್ರೋಜನ್ ಮಾಡಿದ್ರೆ ಮೇಲೆ ಹೇಳಿದ ಅರ್ಧ ಯೂನಿಟ್ ಸಾಕಷ್ಟು ಇಳಿಯುತ್ತೆ.

ಕೊನೇದಾಗಿ ನಿಮ್ಮ ಸ್ಕೆಚ್. ಪಂಪ್ ಇಟ್ಟಿರೋ ಜಾಗ ಸರಿಯಾಗಿದೆ, ಆದ್ರೆ ಟ್ಯಾಂಕಿಗಾಗ್ಲಿ, ಎರಡು ವಾಲ್ವ್ ಮಧ್ಯೆ ಇರೋ ಪೈಪಿಗಾಗ್ಲಿ ಪ್ರೆಶರ್ ಹೆಚ್ಚಾದ್ರೆ ತಾನೇ ತೆರ್ಕೊಂಡು ಹೊರಗೆ ಬಿಡೋ ರಿಲೀಫ್ ವಾಲ್ವೇ ಇಲ್ಲ. ದ್ರವ ಅಲ್ಲಿ ಸಿಕ್ಕಿಹಾಕ್ಕೊಂಡು ಬಿಸಿಯಾದ್ರೆ ಯಾವ ಪೈಪೂ ತಡೆಯಲ್ಲ, ಸಿಡಿಯುತ್ತೆ. ಮುಚ್ಚಿದ ರೂಮಲ್ಲಿ ಸೋರಿದ್ರೆ ಆಕ್ಸಿಜನ್ ಕಮ್ಮಿಯಾಗಿ ಮನುಷ್ಯ ಗೊತ್ತೇ ಆಗ್ದಂಗೆ ಬಿದ್ದುಹೋಗ್ತಾನೆ, ವಾಸನೆ ಇಲ್ಲ, ಉಸಿರು ಕಟ್ಟಿದಂಗೂ ಅನ್ಸಲ್ಲ. ಇದೆರಡನ್ನೂ ತಿದ್ದಿ ಮತ್ತೆ ಕಳ್ಸಿ. ಅಲ್ಲೀವರೆಗೆ ದಯವಿಟ್ಟು ನಿಜವಾದ ನೈಟ್ರೋಜನ್ ಮುಟ್ಟೋಕೆ ಹೋಗ್ಬೇಡಿ.